ಬಿಕ್ಯೂ25895 ಚಾರ್ಜರ್ ಚಿಪ್: ಬರೆದ ಸೆಟ್ಟಿಂಗ್ ಅಳಿಸಿ ಹೋಗುತ್ತಿದೆ, ನಿಮ್ಮ ಅನುಭವ ಹೇಳಿ

ಕೇಳಿದವರು, ಶಿರಸಿಯಿಂದ

ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯಲು ಒಂದು ಪುಟ್ಟ ಪೆಟ್ಟಿಗೆ ಮಾಡಿದ್ದೇನೆ. ಒಳಗೆ ಇಎಸ್‌ಪಿ32 (ಎಲ್ಲವನ್ನೂ ನಡೆಸುವ ಪುಟ್ಟ ಕಂಟ್ರೋಲರ್), 1200 ಎಂಎಎಚ್ ಪೌಚ್ ಸೆಲ್ (ಚಪ್ಪಟೆ ಲಿಥಿಯಂ ಬ್ಯಾಟರಿ), ಚಾರ್ಜಿಂಗ್‌ಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ25895 ಇರುವ ಮಾಡ್ಯೂಲ್. ಮೊದಲ ಸಲ ಪವರ್ ಕೊಟ್ಟಾಗ ಐ2ಸಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ದಾರಿ) ಮೂಲಕ ಚಿಪ್‌ನ ರೆಜಿಸ್ಟರ್‌ಗಳಲ್ಲಿ (ಸೆಟ್ಟಿಂಗ್ ಇಡುವ ಪುಟ್ಟ ಖಾನೆಗಳು) ಚಾರ್ಜ್ ಕರೆಂಟ್ 512 ಮಿಲಿಆಂಪ್, ವೋಲ್ಟೇಜ್ 4.096 ವೋಲ್ಟ್ ಅಂತ ಬರೆಯುತ್ತೇನೆ. ಆಮೇಲೆ ಇಎಸ್‌ಪಿ ನಿದ್ದೆಗೆ ಹೋಗಿ 10 ನಿಮಿಷಕ್ಕೊಮ್ಮೆ ಏಳುತ್ತದೆ.

ಯುಎಸ್‌ಬಿ ಮೀಟರ್ ಮೊದಲು 0.4 ಆಂಪ್ ತೋರಿಸುತ್ತದೆ. ಟೀ ಕುಡಿದು ಬರುವಷ್ಟರಲ್ಲಿ 1.7 ಆಗಿರುತ್ತದೆ! ಸೆಲ್ ಮುಟ್ಟಿದರೆ ಬಿಸಿ. ತೊಂದರೆ ಹೇಳುವ ಫಾಲ್ಟ್ ರೆಜಿಸ್ಟರ್ ಓದಿದರೆ ಸೊನ್ನೆ. ಚಾರ್ಜ್ ಸ್ಥಿತಿ ತೋರಿಸುವ ಸ್ಟ್ಯಾಟ್ ಎಲ್‌ಇಡಿ ಕೂಡ ಏನೂ ಆಗಿಲ್ಲ ಅನ್ನುವ ಹಾಗೆ ಉರಿಯುತ್ತಿದೆ. ಚಿಪ್ ಕೆಟ್ಟಿದೆಯಾ?

ತುಮಕೂರಿನಿಂದ

ಚಿಪ್ ಕೆಟ್ಟಿಲ್ಲ. ಮೊದಲು ಕೇಬಲ್ ಕಿತ್ತು ಸೆಲ್ ನೋಡಿ. ಸ್ವಲ್ಪ ಊದಿದ್ದರೂ ಅದನ್ನು ಮತ್ತೆ ಬಳಸಬೇಡಿ.

ನನಗೂ ಎರಡು ವಾರ ಇದೇ ಕಾಟ ಆಗಿತ್ತು, ಅದಕ್ಕೇ ವಿವರವಾಗಿ ಬರೆಯುತ್ತೇನೆ. ಈ ಚಿಪ್‌ಗೆ ಒಂದು ವಾಚ್‌ಡಾಗ್ (ಕಾವಲು ಟೈಮರ್) ಇದೆ. ನೀವು ಏನಾದರೂ ಬರೆದ ಕೂಡಲೇ ಅದು ಎಣಿಸಲು ಶುರು ಮಾಡುತ್ತದೆ. ಡಿಫಾಲ್ಟ್ ಅವಧಿ 40 ಸೆಕೆಂಡ್. ಅಷ್ಟರೊಳಗೆ ರೆಜಿಸ್ಟರ್ 03ರ 6ನೇ ಬಿಟ್‌ಗೆ (0 ಅಥವಾ 1 ಇರುವ ಒಂದು ಜಾಗ) 1 ಬರೆದು 'ನಾನು ಇನ್ನೂ ಇದ್ದೇನೆ' ಅಂತ ಹೇಳದಿದ್ದರೆ, ಕಂಟ್ರೋಲರ್ ಸತ್ತಿದೆ ಅಂತ ಚಿಪ್ ತೀರ್ಮಾನ ಮಾಡುತ್ತದೆ. ಹೆಚ್ಚುಕಡಿಮೆ ಎಲ್ಲ ಸೆಟ್ಟಿಂಗ್‌ಗಳನ್ನೂ ಕಾರ್ಖಾನೆಯ ಡಿಫಾಲ್ಟ್‌ಗೆ ವಾಪಸ್ ತರುತ್ತದೆ. ಆ ಡಿಫಾಲ್ಟ್ ಚಾರ್ಜ್ ಕರೆಂಟ್‌ಗೆ 2048 ಮಿಲಿಆಂಪ್, ವೋಲ್ಟೇಜ್‌ಗೆ 4.208 ವೋಲ್ಟ್. ಚಿಪ್ 5 ಆಂಪ್‌ವರೆಗೆ ಚಾರ್ಜ್ ಮಾಡಬಲ್ಲದ್ದು, ಅದರ ಲೆಕ್ಕದಲ್ಲಿ 2 ಆಂಪ್ ಕಡಿಮೆಯೇ. ನಿಮ್ಮ 1200ರ ಸೆಲ್‌ಗೆ ಜಾಸ್ತಿ. ನೀವು ಟೀ ಕುಡಿಯುವ ಹೊತ್ತಲ್ಲಿ ಆಗಿದ್ದು ಅದೇ.

ಈಗಲೇ ಚಾರ್ಜ್ ಕರೆಂಟ್ ಇರುವ ರೆಜಿಸ್ಟರ್ 04 ಓದಿ ನೋಡಿ. ಪ್ರತಿ ಅಂಕಿಗೆ 64 ಮಿಲಿಆಂಪ್. ನೀವು ಬರೆದದ್ದು 8, ಅಂದರೆ 512. ಅಲ್ಲಿ ಹೆಕ್ಸ್‌ನಲ್ಲಿ (16ರ ಲೆಕ್ಕದ ಅಂಕಿ) 20 ಸಿಕ್ಕರೆ ಅದು ನಮ್ಮ ಲೆಕ್ಕದಲ್ಲಿ 32, ಗುಣಿಸಿದರೆ 2048.

ಇನ್ನು ಫಾಲ್ಟ್ ಸೊನ್ನೆ ಯಾಕೆ? ಫಾಲ್ಟ್ ರೆಜಿಸ್ಟರ್ 0ಸಿ ಹಳೆಯ ತೊಂದರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಸಲ ಓದಿದಾಗ ಹಿಂದೆ ಆಗಿದ್ದನ್ನು ಹೇಳುತ್ತದೆ. ತಕ್ಷಣ ಎರಡನೇ ಸಲ ಓದಿದರೆ ಈಗಿನ ಸ್ಥಿತಿ. ನನ್ನ ಲೈಬ್ರರಿ ಶುರುವಿನಲ್ಲೇ ಒಮ್ಮೆ 0ಸಿ ಓದಿ ಬಿಸಾಕುತ್ತಿತ್ತು. ನಾನು ಓದುವಾಗ ಬರೀ ಸೊನ್ನೆ. ಲೈಬ್ರರಿ ಬಿಟ್ಟು ನೇರವಾಗಿ ಎರಡು ಸಲ ಓದಿದೆ. ಹೆಕ್ಸ್‌ನಲ್ಲಿ ಮೊದಲು 80, ಆಮೇಲೆ 00. ಆ 80ರಲ್ಲಿ ಎದ್ದಿರುವುದು 7ನೇ ಬಿಟ್, ವಾಚ್‌ಡಾಗ್ ಫಾಲ್ಟ್. ಇನ್ನೊಂದು ಮಾತು: ಉಳಿದ ರೆಜಿಸ್ಟರ್‌ಗಳನ್ನು ಒಟ್ಟಿಗೆ ಸಾಲಾಗಿ ಓದಬಹುದು, 0ಸಿಯನ್ನು ಮಾತ್ರ ಬೇರೆಯಾಗಿಯೇ ಓದಬೇಕು.

ಎಲ್‌ಇಡಿ ನಂಬಿ ಕೂರಬೇಡಿ. ಅದಕ್ಕೆ ಗೊತ್ತಿರುವುದು ಮೂರೇ ಮಾತು. ಚಾರ್ಜ್ ಆಗುತ್ತಿದ್ದರೆ ಉರಿಯುತ್ತದೆ, ಮುಗಿದರೆ ಅಥವಾ ಚಾರ್ಜಿಂಗ್ ನಿಲ್ಲಿಸಿದ್ದರೆ ಆರುತ್ತದೆ, ತೊಂದರೆಯಿಂದ ಚಾರ್ಜಿಂಗ್ ನಿಂತರೆ ಸೆಕೆಂಡಿಗೊಮ್ಮೆ ಮಿಟುಕುತ್ತದೆ. ವಾಚ್‌ಡಾಗ್ ಮುಗಿದಾಗ ಚಾರ್ಜಿಂಗ್ ನಿಲ್ಲುವುದಿಲ್ಲ, ಹಾಗಾಗಿ ದೀಪವೂ ಮಿಟುಕುವುದಿಲ್ಲ.

ನಿಮ್ಮ ಇಎಸ್‌ಪಿ 10 ನಿಮಿಷ ಮಲಗುತ್ತದೆ. ಈ ವಾಚ್‌ಡಾಗ್‌ನ ಅತಿ ದೊಡ್ಡ ಅವಧಿಯೇ 160 ಸೆಕೆಂಡ್. ಹಾಗಾಗಿ ಅದನ್ನು ಆಫ್ ಮಾಡುವುದೇ ಸರಿ. ರೆಜಿಸ್ಟರ್ 07ರಲ್ಲಿ ಸಾಮಾನ್ಯವಾಗಿ 9ಡಿ ಇರುತ್ತದೆ, ಅಲ್ಲಿ 8ಡಿ ಬರೆಯಿರಿ. 12 ಗಂಟೆಯ ಸೇಫ್ಟಿ ಟೈಮರ್ ಬೇರೆ ಬಿಟ್, ಅದನ್ನು ಮುಟ್ಟಬೇಡಿ.

ಬೆಂಗಳೂರಿನಿಂದ

ಮೇಲಿನವರು ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಸೆಲ್ ಪೂರ್ತಿ ಖಾಲಿಯಾಗಿ, ಆಮೇಲೆ ಯಾರೋ ಕೇಬಲ್ ಸಿಕ್ಕಿಸಿದರು ಅಂದುಕೊಳ್ಳಿ. ಚಿಪ್ ಡಿಫಾಲ್ಟ್‌ನಲ್ಲೇ ಏಳುತ್ತದೆ. ನಿಮ್ಮ ಕೋಡ್ ಬೂಟ್ ಆಗಿ ಬರೆಯುವವರೆಗೆ ಅದು ಆಡಿದ್ದೇ ಆಟ. ಕೋಡ್ ಹ್ಯಾಂಗ್ ಆದರೆ ಇನ್ನೂ ಕಷ್ಟ.

ಇದಕ್ಕೆ ಹಾರ್ಡ್‌ವೇರ್ ಕಾವಲೇ ಬೇಕು. ಒಂದು, ಐಲಿಮ್ ಪಿನ್‌ನಿಂದ ಗ್ರೌಂಡ್‌ಗೆ ಇರುವ ರೆಸಿಸ್ಟರ್. ಒಳಬರುವ ಕರೆಂಟ್‌ಗೆ ರೆಜಿಸ್ಟರ್ 00ರಲ್ಲಿ ಒಂದು ಮಿತಿ, ಈ ಪಿನ್‌ನಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಡೆಯುತ್ತದೆ. 00ರ ಮಿತಿಯನ್ನು ನಂಬುವಂತಿಲ್ಲ. ಕೇಬಲ್ ಸಿಕ್ಕಿಸಿದಾಗಲೆಲ್ಲ ಚಿಪ್ ಯುಎಸ್‌ಬಿಯ ಡಿ ಪ್ಲಸ್, ಡಿ ಮೈನಸ್ ತಂತಿ ನೋಡಿ, ಗೋಡೆಯ ಚಾರ್ಜರ್ ಅಂತ ಕಂಡರೆ ಅದನ್ನು 3.25 ಆಂಪ್‌ಗೆ ಏರಿಸುತ್ತದೆ. ರೆಸಿಸ್ಟರ್ ಹಾಗಲ್ಲ, ಬೆಸುಗೆ ಹಾಕಿದ ಕಡೆ ಇರುತ್ತದೆ. ನಿಮ್ಮ ಮೀಟರ್ 1.7 ತೋರಿಸಿದೆ ಅಂದರೆ ಮಾಡ್ಯೂಲ್‌ನಲ್ಲಿರುವ ಮಿತಿ ಅದಕ್ಕಿಂತ ಕಡಿಮೆ ಇಲ್ಲ. ಹೆಚ್ಚು ಓಮ್‌ನ ರೆಸಿಸ್ಟರ್ ಹಾಕಿ ಅರ್ಧ ಆಂಪ್ ಹತ್ತಿರ ತನ್ನಿ. ಇಲ್ಲಿನ ಎಸ್.ಪಿ. ರೋಡ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಒಂದೆರಡು ರೂಪಾಯಿಯ ಮಾಲು.

ಎರಡು, ಸಿಇ ಪಿನ್. ಅದು ಲೋ ಇದ್ದರೆ ಮಾತ್ರ ಚಾರ್ಜ್. ಎಷ್ಟೋ ಮಾಡ್ಯೂಲ್‌ಗಳಲ್ಲಿ ನೇರ ಗ್ರೌಂಡ್‌ಗೆ ಕಟ್ಟಿರುತ್ತಾರೆ. ಆ ಟ್ರೇಸ್ ಕತ್ತರಿಸಿ, ಪುಲ್‌ಅಪ್ (ಪಿನ್ ಅನ್ನು ಹೈ ಆಗಿಡುವ ರೆಸಿಸ್ಟರ್) ಹಾಕಿ, ಇಎಸ್‌ಪಿಯ ಒಂದು ಪಿನ್‌ಗೆ ಕೊಡಿ. 04, 06 (ವೋಲ್ಟೇಜ್ ಇರುವ ರೆಜಿಸ್ಟರ್), 07 ಬರೆದು, ವಾಪಸ್ ಓದಿ, ಹೊಂದಿದರೆ ಮಾತ್ರ ಪಿನ್ ಲೋ ಮಾಡಿ. ನಿದ್ದೆಗೆ ಹೋಗುವ ಮುಂಚೆ ಆ ಪಿನ್‌ಗೆ ಹೋಲ್ಡ್ (ನಿದ್ದೆಯಲ್ಲೂ ಪಿನ್ ಇದ್ದ ಹಾಗೇ ಇರಿಸುವ ಸೆಟ್ಟಿಂಗ್) ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಇಎಸ್‌ಪಿ ಮಲಗಿದ ಕೂಡಲೇ ಚಾರ್ಜಿಂಗ್ ನಿಲ್ಲುತ್ತದೆ.

ಮಂಗಳೂರಿನಿಂದ

ನನ್ನದು ಉಲ್ಟಾ ಕಥೆ. ಎಲ್‌ಇಡಿ ಮಿಟುಕುತ್ತಿತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು ಲ್ಯಾಪ್‌ಟಾಪ್ ಜೋಡಿಸುವಷ್ಟರಲ್ಲಿ ಸರಿಯಾಗುತ್ತಿತ್ತು. 0ಸಿಯ ಕೊನೆಯ ಮೂರು ಬಿಟ್‌ಗಳು ಸೆಲ್‌ನ ಬಿಸಿ ಅಳೆಯುವ ಥರ್ಮಿಸ್ಟರ್‌ದು. ಉಳಿದವುಗಳ ಹಾಗೆ ಅವು ಹಳೆಯದನ್ನು ಹಿಡಿದಿಡುವುದಿಲ್ಲ, ಆ ಕ್ಷಣದ್ದನ್ನು ಮಾತ್ರ ಹೇಳುತ್ತವೆ. ಹಾಗಾಗಿ ಮುಚ್ಚಳ ಹಾಕಿಯೇ ನಿಮಿಷಕ್ಕೊಮ್ಮೆ ಲಾಗ್ ಮಾಡಿದೆ. 02 ಬಂತು, ಅಂದರೆ 'ಬಿಸಿ'.

ಸೆಲ್ ಮಾತ್ರ ತಣ್ಣಗಿತ್ತು. ನೋಡಿದರೆ ಥರ್ಮಿಸ್ಟರ್ ತಲೆ ಸೆಲ್‌ನಿಂದ ಕಳಚಿ ಇಂಡಕ್ಟರ್ (ಮಾಡ್ಯೂಲ್‌ನ ಸುರುಳಿ) ಪಕ್ಕದಲ್ಲಿ ಮಲಗಿತ್ತು! ಇಂಡಕ್ಟರ್ ಬಿಸಿಯನ್ನೇ ಚಿಪ್ ಸೆಲ್‌ನ ಬಿಸಿ ಅಂದುಕೊಂಡಿತ್ತು. ಶಾಖ ತಾಳುವ ಕ್ಯಾಪ್ಟಾನ್ ಟೇಪ್‌ನಿಂದ ಸೆಲ್‌ನ ಮಧ್ಯಭಾಗಕ್ಕೆ ಅಂಟಿಸಿದೆ, ಮುಗಿಯಿತು. ಥರ್ಮಿಸ್ಟರ್ ಜಾಗದಲ್ಲಿ ಸುಮ್ನೆ ಒಂದು 10 ಕೆ ರೆಸಿಸ್ಟರ್ ಹಾಕಿಬಿಡಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲಿಗೆ ಒಡ್ಡುವ ಪೆಟ್ಟಿಗೆಗೆ ಅದೊಂದೇ ಕಣ್ಣು.

ರಾಯಚೂರಿನಿಂದ

ತೋಟಕ್ಕೆ ಉದ್ದದ ವೈರ್ ಎಳೆಯುತ್ತೀರಿ ಅಲ್ವಾ? ಸೆಟ್ಟಿಂಗ್ ಸರಿ ಇದ್ದೂ ಚಾರ್ಜ್ ನಿಧಾನ ಆದರೆ ರೆಜಿಸ್ಟರ್ 13 ನೋಡಿ. 7ನೇ ಬಿಟ್ ಎದ್ದಿದ್ದರೆ ಒಳಬರುವ ವೋಲ್ಟೇಜ್ ಕುಸಿಯುತ್ತಿದೆ, ಅದಕ್ಕೆ ಚಿಪ್ ಕರೆಂಟ್ ತಗ್ಗಿಸಿದೆ ಅಂತ ಅರ್ಥ. 6ನೇ ಬಿಟ್ ಎದ್ದಿದ್ದರೆ ಕರೆಂಟ್ ಮಿತಿ ತಾಗಿದೆ. ನನಗೆ ದಪ್ಪ ವೈರ್ ಹಾಕಿದ ಮೇಲೆ ಸರಿಯಾಯಿತು.

ಇನ್ನೊಂದು. ರೆಜಿಸ್ಟರ್ 0ಇಯಲ್ಲಿ ಬ್ಯಾಟರಿ ವೋಲ್ಟೇಜ್ ಓದುವಾಗ ಮೊದಲು 02ರ 7ನೇ ಬಿಟ್ ಎತ್ತಿ, ವೋಲ್ಟೇಜ್ ಅಳೆದು ಅಂಕಿ ಮಾಡುವ ಎಡಿಸಿಗೆ 'ಅಳೆ' ಅಂತ ಹೇಳಬೇಕು, ಒಂದು ಸೆಕೆಂಡ್ ಕಾಯಬೇಕು. ಹೇಳದಿದ್ದರೆ ಹಳೆಯ ಅಳತೆಯನ್ನೇ ಕೊಡುತ್ತಿರುತ್ತದೆ. ಅರ್ಧ ದಿನ 3.904 ವೋಲ್ಟ್ ನೋಡಿ ಎಷ್ಟು ಗಟ್ಟಿ ಸೆಲ್ ಅಂತ ಖುಷಿಪಟ್ಟಿದ್ದೆ.

ಕೇಳಿದವರು, ಮರುದಿನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 04ರಲ್ಲಿ 20 ಇತ್ತು. 0ಸಿ ನೇರವಾಗಿ ಎರಡು ಸಲ ಓದಿದೆ: 80, ಆಮೇಲೆ 00. ಅಕ್ಷರಶಃ ನೀವು ಹೇಳಿದ ಹಾಗೆ. ಸೆಲ್ ಊದಿರಲಿಲ್ಲ, ಆದರೂ ಹೊಸದು ಹಾಕಿದೆ. 07ಕ್ಕೆ 8ಡಿ ಬರೆದು, ಪ್ರತಿ ಸಲ ಎದ್ದಾಗಲೂ 04 ಮತ್ತು 06 ಓದಿ ಸರಿ ಇದೆಯಾ ಅಂತ ನೋಡುವ ನಾಲ್ಕು ಸಾಲು ಸೇರಿಸಿದೆ. ರಾತ್ರಿಯಿಡೀ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಮೀಟರ್ 0.4 ದಾಟಲಿಲ್ಲ. ಬೆಳಿಗ್ಗೆ ಚಾರ್ಜ್ ಸ್ಥಿತಿಯ ರೆಜಿಸ್ಟರ್ 0ಬಿಯ 4 ಮತ್ತು 3ನೇ ಬಿಟ್ ಎರಡೂ 1, ಅಂದರೆ ಚಾರ್ಜ್ ಪೂರ್ತಿ. ಸೆಲ್ ತಣ್ಣಗಿದೆ. ಸಿಇ ಟ್ರೇಸ್ ಕತ್ತರಿಸಿ, ಐಲಿಮ್ ರೆಸಿಸ್ಟರ್ ಬದಲಾಯಿಸುವವರೆಗೆ ಪೆಟ್ಟಿಗೆಯನ್ನು ತೋಟಕ್ಕೆ ಒಯ್ಯುವುದಿಲ್ಲ.