ಮಳೆಗಾಲದ ಮಂತ್ರವೆಂದು ಕುಟುಂಬದ ಗುಂಪಿಗೆ ಬಂದದ್ದು

ಶಿರಸಿ ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): “ಯತೋ ವಾಚೋ ನಿವರ್ತಂತೇ ಅಪ್ರಾಪ್ಯ ಮನಸಾ ಸಹ, ಆನಂದಂ ಬ್ರಹ್ಮಣೋ ವಿದ್ವಾನ್ ನ ಬಿಭೇತಿ ಕುತಶ್ಚನ. ಭಗವದ್ಗೀತೆಯ ಈ ಶ್ಲೋಕವನ್ನು ಮಳೆಗಾಲದಲ್ಲಿ ಪ್ರಯಾಣಕ್ಕೆ ಮೊದಲು 108 ಬಾರಿ ಜಪಿಸಿದವರಿಗೆ ಗುಡ್ಡ, ಗಾಳಿ, ನೀರಿನಿಂದ ಅಪಾಯವಿಲ್ಲ.”

ಶಿರಸಿ ದೊಡ್ಡಪ್ಪ: ದೇವಿಮನೆ ಘಟ್ಟದಲ್ಲಿ ಓಡಾಡುವ ಮಕ್ಕಳೆಲ್ಲ ಇದನ್ನು ಬಾಯಿಪಾಠ ಮಾಡಿಕೊಳ್ಳಿ.

ಕುಮಟಾ ಭಾವ: ಬಹಳ ಉಪಯುಕ್ತವಾದ ಮಾಹಿತಿ. ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಕಳುಹಿಸಿದ್ದೇನೆ.

ಕಾರವಾರ ಅಣ್ಣ: ದೊಡ್ಡಪ್ಪ, ಇದು ಗೀತೆಯ ಎಷ್ಟನೆಯ ಅಧ್ಯಾಯದಲ್ಲಿದೆ? ಹದಿನೆಂಟು ಅಧ್ಯಾಯಗಳಲ್ಲಿ ಹುಡುಕಿದರೂ ನನಗೆ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯಲ್ಲಿದ್ದವರು ಮಣ್ಣಿನಡಿ ಸಿಕ್ಕಿದರು, ಗಂಗಾವಳಿ ನದಿಯ ಪಾಲಾದರು. ಅವರು ಜಪ ಮಾಡದೇ ಇದ್ದುದರಿಂದ ಸತ್ತರೆಂದು ಈ ಸಂದೇಶ ಹೇಳಿದಂತಾಗುವುದಿಲ್ಲವೇ?

ಶಿರಸಿ ದೊಡ್ಡಪ್ಪ: ಹಾಗೆಂದು ಯಾರೂ ಹೇಳಿಲ್ಲ. ಹಿರಿಯರು ಕಾಳಜಿಯಿಂದ ಕಳುಹಿಸಿದ್ದನ್ನು ಶ್ರದ್ಧೆಯಿಂದ ಓದಬೇಕು. ಅಜ್ಜನ ತಿಥಿಗೆ ಬರಲು ಬಿಡುವಿಲ್ಲದ ನಿನಗೆ ಶಾಸ್ತ್ರದ ಆಧಾರ ಕೇಳಲು ಬಿಡುವಿದೆಯೆಂದು ಬೇಸರವಾಯಿತು.

ಕಾರವಾರ ಅಣ್ಣ: ತಿಥಿಯ ವಿಷಯವನ್ನು ಮನೆಗೆ ಬಂದಾಗ ಮಾತನಾಡುತ್ತೇನೆ. ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಯಲ್ಲಾಪುರ ಅಕ್ಕ: ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಜ್ಜ ಜಗುಲಿಯಲ್ಲಿ ಕುಳಿತು ಇದನ್ನೇ ಹೇಳಿಕೊಡುತ್ತಿದ್ದರು. ಒಂದು ಸ್ವರ ತಪ್ಪಿದರೂ ಮೊದಲಿನಿಂದ ಹೇಳಿಸುತ್ತಿದ್ದರು, ಅಷ್ಟರಲ್ಲಿ ದೊಡ್ಡಮ್ಮ ಎಲ್ಲರಿಗೂ ಕಷಾಯ ತರುತ್ತಿದ್ದರು. ಆಗ ಇಷ್ಟು ಜಗಳವಿರಲಿಲ್ಲ.

ಗೋಕರ್ಣ ಚಿಕ್ಕಪ್ಪ: ಅಜ್ಜ ಹೇಳಿಕೊಟ್ಟದ್ದು ಗೀತೆಯನ್ನಲ್ಲ, ಕೃಷ್ಣಯಜುರ್ವೇದದ ತೈತ್ತಿರೀಯೋಪನಿಷತ್ತನ್ನು. ಈ ಮಂತ್ರ ಅದರ ಬ್ರಹ್ಮಾನಂದವಲ್ಲಿ ಎಂಬ ಅಧ್ಯಾಯದ 4ನೆಯ ಅನುವಾಕದಲ್ಲಿ, ಅಂದರೆ ಖಂಡದಲ್ಲಿ, ಒಮ್ಮೆ ಬಂದು, 9ನೆಯದರಲ್ಲಿ ತುಸು ವ್ಯತ್ಯಾಸದೊಡನೆ ಮರಳಿ ಬರುತ್ತದೆ. ನಡುವೆ ಇರುವುದನ್ನು ಬಿಟ್ಟು ಇದೊಂದನ್ನೇ ಕಿತ್ತು ಕಳುಹಿಸಿದ್ದು ನನಗೆ ನಿಜಕ್ಕೂ ನೋವುಂಟುಮಾಡಿದೆ. 7ನೆಯ ಅನುವಾಕವು ಬ್ರಹ್ಮದಲ್ಲಿ ಕಿಂಚಿತ್ತಾದರೂ ಭೇದವನ್ನು ಕಂಡವನಿಗೆ ಭಯ ತಪ್ಪದೆಂದು ಹೇಳುತ್ತದೆ. 8ನೆಯದರಲ್ಲಿ ಗಾಳಿ ಬೀಸುವುದೂ ಸೂರ್ಯ ಉದಯಿಸುವುದೂ ಅದರ ಭಯದಿಂದಲೇ. ಮೃತ್ಯುವೂ ಅದಕ್ಕೆ ಹೆದರಿಯೇ ಓಡುತ್ತಾನೆ. ಆಮೇಲೆ ಆನಂದದ ಲೆಕ್ಕ ಶುರುವಾಗುತ್ತದೆ. ಯೌವನ, ವಿದ್ಯೆ, ದೃಢವಾದ ದೇಹ, ಸಂಪತ್ತು ತುಂಬಿದ ಇಡೀ ಭೂಮಿ ಒಬ್ಬನಿಗೇ ದಕ್ಕಿದರೆ ಅದು ಮನುಷ್ಯನ ಒಂದು ಆನಂದ. ಅದರ ನೂರು ಪಾಲು ಮನುಷ್ಯಗಂಧರ್ವರಿಗೆ, ಅದರ ನೂರು ಪಾಲು ದೇವಗಂಧರ್ವರಿಗೆ, ಹೀಗೆಯೇ ಪಿತೃಗಳು, ಮೂರು ಬಗೆಯ ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಬ್ರಹ್ಮದವರೆಗೆ ಹತ್ತು ಸಲ ನೂರರಿಂದ ಗುಣಿಸುತ್ತ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಿಗೂ, ಕಾಮನೆಗೆ ಸೋಲದ ಶ್ರೋತ್ರಿಯನಿಗೂ (ವೇದವನ್ನು ಅರಿತವನಿಗೂ) ಅದೇ ಆನಂದವಿದೆ ಎಂಬ ಮಾತು ಸೇರುತ್ತದೆ. ಇಷ್ಟು ಎಣಿಸಿದ ಮೇಲೆಯೇ ಮಾತು ಮನಸ್ಸುಗಳೆರಡೂ ಮುಟ್ಟಲಾರದೆ ಹಿಂದಿರುಗಿದವು ಎನ್ನುತ್ತದೆ. ಅದನ್ನು ಅರಿತವನಿಗೆ ಭಯವಿಲ್ಲ. ‘ನಾನೇಕೆ ಒಳಿತು ಮಾಡಲಿಲ್ಲ, ಏಕೆ ಪಾಪ ಮಾಡಿದೆ’ ಎಂಬ ಕೊರಗು ಅವನನ್ನು ಸುಡುವುದಿಲ್ಲ. ಗುಡ್ಡ ಕುಸಿಯದು ಎಂಬ ಭರವಸೆ ಎಲ್ಲಿಯೂ ಇಲ್ಲ.

ಕುಮಟಾ ಭಾವ: ಇಷ್ಟು ದೊಡ್ಡ ಸಂದೇಶವನ್ನು ಆಮೇಲೆ ಓದುತ್ತೇನೆ.

ಶಿರಸಿ ದೊಡ್ಡಪ್ಪ: ತಮ್ಮಾ, ತೋಟದ ಪಾಲಾಗುವಾಗ ಭೇದವೆಣಿಸಬಾರದೆಂಬ ಈ ಅನುವಾಕ ನಿನಗೆ ನೆನಪಿಗೆ ಬಂದಿದ್ದರೆ ಚೆನ್ನಾಗಿತ್ತು.

ಗೋಕರ್ಣ ಚಿಕ್ಕಪ್ಪ: ಅಣ್ಣಾ, ಪಾಲಿನ ಪತ್ರಕ್ಕೆ ನಾವಿಬ್ಬರೂ ಸಹಿ ಹಾಕಿದ್ದೇವೆ. ಅಜ್ಜ ಕಲಿಸಿದ ಪಾಠಕ್ಕೆ ಬೇರೆಯವರು ಬರೆದ ಫಲಶ್ರುತಿಯನ್ನು, ಅಂದರೆ ಜಪಿಸಿದರೆ ಇಂಥ ಫಲವೆಂಬ ಮಾತನ್ನು, ಅಂಟಿಸುವುದು ಬೇಡ ಎನ್ನುತ್ತಿದ್ದೇನೆ, ಅಷ್ಟೆ.

ಯಲ್ಲಾಪುರ ಅಕ್ಕ: ತೋಟದ ಮಾತು ಇಲ್ಲಿ ಬೇಡ, ಮಕ್ಕಳೂ ಈ ಗುಂಪಿನಲ್ಲಿದ್ದಾರೆ.

ಕಾರವಾರ ಅಣ್ಣ: ಭಾವ, ಮಂತ್ರವನ್ನು ನಂಬಿ ಯಾರಾದರೂ ಜೋರು ಮಳೆಯಲ್ಲಿ ಘಟ್ಟಕ್ಕೆ ಹೊರಟರೆ ಕಷ್ಟ. ನೀವು ಆ ಗುಂಪಿನಿಂದಲೂ ಇದನ್ನು ಅಳಿಸಿಬಿಡಿ.

ಶಿರಸಿ ದೊಡ್ಡಪ್ಪ: ಅಳಿಸುವುದೇನೂ ಬೇಡ. ಗೀತೆ ಎಂದಿರುವಲ್ಲಿ ತೈತ್ತಿರೀಯ ಎಂದು ತಿದ್ದಿ ಮತ್ತೆ ಕಳುಹಿಸುತ್ತೇನೆ. 108 ಇರಲಿ, ಜಪದಿಂದ ಯಾರಿಗೂ ನಷ್ಟವಿಲ್ಲ.

ಕಾರವಾರ ಅಣ್ಣ: 108 ಇರಲಿ ದೊಡ್ಡಪ್ಪ. ಅಪಾಯವಿಲ್ಲ ಎಂಬ ಸಾಲನ್ನು ಮಾತ್ರ ತೆಗೆಯಿರಿ.