ಮೊದಲ ಸಲ ಡಿಎಂ ಆದೆ, ಬಾಗಿಲ ಹತ್ತಿರ ಆಟವೇ ನಿಂತುಹೋಯಿತು

ಗುಹೆ ಬರೆದವ:
ಹೋದ ಭಾನುವಾರ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸಿದೆ, ದಾಳ ಹಾಕುತ್ತಾ ಎಲ್ಲರೂ ಸೇರಿ ಕಥೆ ಕಟ್ಟುವ ಆಟ. ನಾನೇ ಡಿಎಂ, ಅಂದರೆ ಕಥೆ ನಡೆಸುವವ. ಐದನೇ ಆವೃತ್ತಿ, ಎಲ್ಲರೂ ಒಂದನೇ ಲೆವೆಲ್. ಆಫೀಸಿನ ನಾಲ್ಕು ಜನ, ಯಾರೂ ಮೊದಲು ಆಡಿದವರಲ್ಲ. ಎರಡು ವಾರ ಕೂತು ಗುಹೆಯ ನಕ್ಷೆ ಬರೆದಿದ್ದೆ. ಒಳಗೊಂದು ಗುಟ್ಟಿನ ಬಾಗಿಲು, ಉಳಿದ ಕಥೆಯೆಲ್ಲ ಅದರಾಚೆಗೆ. ಹುಡುಕೋಕೆ ಇಪ್ಪತ್ತು ಮುಖದ ದಾಳ (ಡಿ20) ಹಾಕಿ 15 ತರಬೇಕು ಅಂದೆ. ಒಬ್ಬರಿಗೆ 6, ಇನ್ನೊಬ್ಬರಿಗೆ 9, ಯಾರಿಗೂ ಬೀಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ನಕ್ಷೆ ನೋಡಿದೆ. ಕೊನೆಗೆ "ಇನ್ನೊಂದ್ಸಲ ಹಾಕಿ" ಅಂದೆ, ನನಗೇ ನಾಚಿಕೆಯಾಯಿತು.

ಅದಕ್ಕೂ ಮುಂಚೆ ನಾಲ್ಕು ಗಾಬ್ಲಿನ್‌ಗಳ (ಕುಳ್ಳ ರಾಕ್ಷಸರ) ಜೊತೆ ಹೊಡೆದಾಟ. ಮೊದಲ ಸುತ್ತಿನಲ್ಲೇ ನಮ್ಮ ವಿಝರ್ಡ್ (ಮಂತ್ರವಾದಿ ಪಾತ್ರ) ಬಿದ್ದ. ಅವನಿಗೆ ಇದ್ದದ್ದೇ 7 ಹಿಟ್ ಪಾಯಿಂಟ್, ಅಂದರೆ ಏಟು ತಡೆಯುವ ಶಕ್ತಿ ಅಷ್ಟೇ. ಆಮೇಲೆ ಮುಕ್ಕಾಲು ಗಂಟೆ ಮೊಬೈಲ್ ನೋಡುತ್ತಾ ಚುರುಮುರಿ ತಿಂದ. ಏನು ಬದಲಾಯಿಸಲಿ?

ಹಳೇ ದಾಳ:
ಬಾಗಿಲಿನ ವಿಷಯ ಮೊದಲು. ಸಿಗಲೇಬೇಕಾದದ್ದಕ್ಕೆ ದಾಳ ಹಾಕಿಸಬೇಡಿ ಮಾರಾಯರೇ. ಹುಡುಕಿದರು, ಸಿಕ್ಕಿತು, ಅಷ್ಟೇ. ದಾಳ ಬೇಕೇ ಬೇಕು ಅಂದರೆ ಬೇರೆ ಪ್ರಶ್ನೆ ಕೇಳಿ: ಸದ್ದಿಲ್ಲದೆ ತೆರೆಯಿತಾ? 15 ಬಂದರೆ ಮೆತ್ತಗೆ. ಬರದಿದ್ದರೂ ಬಾಗಿಲು ತೆರೆಯುತ್ತದೆ, ಆದರೆ ಕಲ್ಲಿಗೆ ಕಲ್ಲು ಉಜ್ಜಿ ಒಳಗಿದ್ದವರಿಗೆ ಎಚ್ಚರವಾಗುತ್ತದೆ. ನಾನೂ ಒಮ್ಮೆ ಒಂದು ಬೀಗದ ಮುಂದೆ ಇಡೀ ಸಂಜೆ ಕಳೆದಿದ್ದೇನೆ. ಕೊನೆಗೆ ಆಟಗಾರರು ಬಾಗಿಲು ಬಿಟ್ಟು ಗೋಡೆ ಒಡೆದರು.

ಇನ್ನು ಗಾಬ್ಲಿನ್. 2014ರ ಪುಸ್ತಕದಲ್ಲಿ ಅದಕ್ಕೆ ಹೊಡೆಯಲು +4, ಅಂದರೆ ಡಿ20ಯಲ್ಲಿ ಬಿದ್ದದ್ದಕ್ಕೆ 4 ಸೇರಿಸಬೇಕು. ಕತ್ತಿ ತಗುಲಿದರೆ ಹೋಗುವ ಹಿಟ್ ಪಾಯಿಂಟ್ ಒಂದು ಡಿ6 (ಆರು ಮುಖದ ದಾಳ), ಜೊತೆಗೆ 2, ಸರಾಸರಿ 5. ನಿಮ್ಮ ವಿಝರ್ಡ್‌ನ ಆರ್ಮರ್ ಕ್ಲಾಸ್ (ಏಟು ತಗುಲಲು ಮುಟ್ಟಬೇಕಾದ ಅಂಕ) 12 ಅಂತ ಇಟ್ಟುಕೊಳ್ಳಿ. ಡಿ20ಯಲ್ಲಿ 8 ಬಿದ್ದರೂ ಸಾಕು, ಅಂದರೆ ನೂರಕ್ಕೆ 65 ಸಲ ಏಟು ಗ್ಯಾರಂಟಿ. ಎರಡು ಏಟಿಗೆ ಹುಡುಗ ಮಲಗಿದ. ನಿಮ್ಮ ತಪ್ಪೇನಿಲ್ಲ, ಒಂದನೇ ಲೆವೆಲ್ ಇರುವುದೇ ಹಾಗೆ. ನಾಲ್ಕೂ ಒಬ್ಬನ ಮೇಲೆ ಬೀಳದಂತೆ ನೋಡಿಕೊಳ್ಳಿ. ಎರಡು ಸತ್ತ ಮೇಲೆ ಉಳಿದವು ಓಡಿಹೋಗಲಿ. ಗಾಬ್ಲಿನ್‌ಗೂ ಜೀವದ ಆಸೆ ಇರುತ್ತದಲ್ವಾ?

ಕ್ಲೆರಿಕ್ ಅಕ್ಕ:
ಬಿದ್ದವನ ಆಟ ಮುಗಿದಿಲ್ಲ, ಅದನ್ನ ಅವನಿಗೆ ಹೇಳಿದ್ರಾ? ತನ್ನ ಸರದಿ ಬಂದಾಗಲೆಲ್ಲ ಡಿ20 ಹಾಕಬೇಕು. 10 ಅಥವಾ ಹೆಚ್ಚು ಮೂರು ಸಲ ಬಂದರೆ ಜೀವ ಉಳಿಯಿತು. ಮೂರು ಸಲ ಕಡಿಮೆ ಬಂದರೆ ಹೋದ. ಸರಿಯಾಗಿ 20 ಬಿದ್ದರೆ 1 ಹಿಟ್ ಪಾಯಿಂಟ್‌ನೊಂದಿಗೆ ಎದ್ದೇ ಕೂರುತ್ತಾನೆ! ನಮ್ಮ ಮನೆಯಲ್ಲಿ ಈ ದಾಳಕ್ಕೆ ಅಡುಗೆಮನೆಯಲ್ಲಿದ್ದವರೂ ಬಂದು ನಿಲ್ಲುತ್ತಾರೆ.

ಇನ್ನೊಂದು. ಅಲ್ಲಿಯವರೆಗೆ ಅವನ ಕೈಗೆ ಒಂದು ಗಾಬ್ಲಿನ್ ಕೊಟ್ಟುಬಿಡಿ, ಅವನೇ ಆಡಿಸಲಿ. ಸರದಿ ನೆನಪಿಡೋಕೆ ಬಟ್ಟೆ ಕ್ಲಿಪ್ಪಿನ ಮೇಲೆ ಹೆಸರು ಬರೆದು ರಟ್ಟಿಗೆ ಸಿಕ್ಕಿಸಿ. "ಈಗ ಇವರು, ಆಮೇಲೆ ನೀವು" ಅಂತ ಮುಂಚೆಯೇ ಹೇಳಿ. ಅರ್ಧ ಹೊತ್ತು ಉಳಿಯುತ್ತದೆ.

ಗುಹೆ ಬರೆದವ:
ನಿನ್ನೆ ಮತ್ತೆ ಆಡಿದೆವು, ನಾಲ್ಕೂ ಜನ ಬಂದಿದ್ದರು. ವಿಝರ್ಡ್ ಮತ್ತೆ ಬಿದ್ದ. ಗಾಬ್ಲಿನ್ ಕೊಟ್ಟೆ. ಅದಕ್ಕೆ "ಸಿದ್ದ" ಅಂತ ಹೆಸರಿಟ್ಟು, ತನ್ನದೇ ತಂಡದ ರೋಗ್‌ಗೆ (ಕಳ್ಳನ ಪಾತ್ರ) 20 ಹಾಕಿ ಹೊಡೆದ. ನೆಗೆದು ಕುಣಿದ. ಈಗ ಸಿದ್ದನನ್ನ ಸಾಯಿಸಬೇಡಿ, ಊರಿಗೆ ಕರ್ಕೊಂಡು ಹೋಗೋಣ ಅಂತ ಎಲ್ಲರ ಹಠ. ಇದಕ್ಕೇನು ಮಾಡಲಿ?

ಹಳೇ ದಾಳ:
ಕರ್ಕೊಂಡು ಹೋಗಲಿ ಬಿಡಿ. ಊರ ಬಾಗಿಲ ಕಾವಲುಗಾರ ಏನಂತಾನೆ ಅನ್ನೋದನ್ನ ಮಾತ್ರ ಈಗಲೇ ಯೋಚಿಸಿಟ್ಟುಕೊಳ್ಳಿ.