ಒಂದೇ ಕಾರ್ಡ್ ಎರಡು ಕಾಪಿ ಟೇಬಲ್ ಮೇಲಿದ್ರೆ ಎಫೆಕ್ಟ್ ಎರಡು ಸಲ ಸಿಗುತ್ತಾ?

ಎಲ್ಫ್_ಕುವೆಂಪುನಗರ:
ಎಲ್ರಿಗೂ ನಮಸ್ಕಾರ. ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಗೇಮ್ ಆಡೋರು ಇಲ್ಲಿ ಇದೀರ ಅಂತ ಗೊತ್ತು ಅದಕ್ಕೇ ಕೇಳ್ತಿದೀನಿ. ಕುವೆಂಪುನಗರದಲ್ಲಿ ನಾವೊಂದಷ್ಟು ಜನ ಭಾನುವಾರ ಸೇರಿ ಆಡ್ತೀವಿ, ಈ ವಾರ ಆಟಕ್ಕಿಂತ ವಾದಾನೇ ಜಾಸ್ತಿ ಆಯ್ತು. ನಂದು ಎಲ್ಫ್ ಡೆಕ್, ಟೇಬಲ್ ಮೇಲೆ ಎಲ್ವಿಶ್ ಆರ್ಚ್‌ಡ್ರುಯಿಡ್ ಎರಡು, ಲಾನೊವಾರ್ ಎಲ್ವ್ಸ್ ಮೂರು (ಮೊದಲನೇದು 2/2, ಎರಡನೇದು 1/1, ಅಂದ್ರೆ ಹೊಡೆಯೋ ಬಲ/ತಡ್ಕೊಳ್ಳೋ ಬಲ). ಆರ್ಚ್‌ಡ್ರುಯಿಡ್ ಇದ್ರೆ ನಮ್ ಬೇರೆ ಎಲ್ಫ್‌ಗಳಿಗೆಲ್ಲ +1/+1, ಆಮೇಲೆ ಅದನ್ನ ಟ್ಯಾಪ್ ಮಾಡಿದ್ರೆ (ಅಡ್ಡ ತಿರುಗಿಸಿ ಬಳಸಿದ್ರೆ) ನಮ್ಮತ್ರ ಎಷ್ಟು ಎಲ್ಫ್ ಇದಾವೋ ಅಷ್ಟು ಹಸಿರು ಮಾನಾ, ಅಂದ್ರೆ ಕಾರ್ಡ್ ಆಡೋಕೆ ಕಟ್ಟೋ ಶಕ್ತಿ. ಎರಡಿದಾವಲ್ಲ ಹಂಗಾಗಿ ಲಾನೊವಾರ್ 3/3 ಅಂತ ನಾನು, ಇಲ್ಲ 2/2 ಅಂತ ಫ್ರೆಂಡು. ಅವನು ಯುಗಿಯೋ ಅನ್ನೋ ಇನ್ನೊಂದು ಕಾರ್ಡ್ ಗೇಮ್ ಆಡ್ಕೊಂಡು ಬಂದಿರೋನು, ಒಂದೇ ಹೆಸರಿನ ಕಾರ್ಡಿಂದು ಎಫೆಕ್ಟ್ ಒಂದೇ ಸಲ ಅಂತ ಹಠ ಹಿಡಿದುಬಿಟ್ಟ. ಅದು ಮುಗೀಲಿಲ್ಲ ಅಷ್ಟರಲ್ಲಿ ಟೋಕನ್ (ಕಾರ್ಡಿಲ್ಲದೆ ಎಫೆಕ್ಟಿಂದ ಬರೋ ಕ್ರೀಚರ್ ಥರದ್ದು) ಡಬಲ್ ಮಾಡೋ ಡಬ್ಲಿಂಗ್ ಸೀಸನ್ ಎರಡಿದ್ರೆ ಅವು ಮೂರು ಪಟ್ಟಾ ನಾಲ್ಕು ಪಟ್ಟಾ ಅಂತ ಶುರುವಾಯ್ತು, ಲೈಫ್‌ಲಿಂಕ್ (ಡ್ಯಾಮೇಜ್ ಮಾಡಿದಷ್ಟು ಲೈಫ್ ಸಿಗೋ ಗುಣ) ಎರಡು ಕಡೆಯಿಂದ ಬಂದ್ರೆ ಲೈಫ್ ಡಬಲ್ ಸಿಗುತ್ತಾ ಅಂತ ಇನ್ನೊಬ್ಬ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಮುಂದಿನ ವಾರ ತೋರಿಸ್ಬೇಕು.

ಒಂಟಿಕೊಪ್ಪಲ್_ಮಾನಾ:
ಲಾನೊವಾರ್ 3/3, ನೀವು ಹೇಳಿದ್ದೇ ಸರಿ. ಅಷ್ಟೇ ಅಲ್ಲ ನಿಮ್ ಆರ್ಚ್‌ಡ್ರುಯಿಡ್ ಎರಡೂ 3/3 ಆಗಿರ್ತವೆ, ಯಾಕಂದ್ರೆ ತನಗೆ ತಾನು ಕೊಟ್ಕೊಳಲ್ಲ ಅಷ್ಟೇ, ಒಂದಕ್ಕೊಂದು ಕೊಟ್ಕೊಳ್ತವೆ. ಮಾನಾ ಲೆಕ್ಕಾನೂ ಹಂಗೇ, ಒಟ್ಟು ಐದು ಎಲ್ಫ್ ಇದಾವೆ, ಒಂದೊಂದು ಆರ್ಚ್‌ಡ್ರುಯಿಡ್ ಟ್ಯಾಪ್ ಮಾಡಿದಾಗ್ಲೂ 5, ಎರಡರಿಂದ 10, ಲಾನೊವಾರ್ ಮೂರರಿಂದ ಒಂದೊಂದು ಸೇರಿಸಿದ್ರೆ 13. ಆದ್ರೆ ಅದೇ ಟರ್ನಲ್ಲಿ ಬಂದ ಆರ್ಚ್‌ಡ್ರುಯಿಡ್ ಟ್ಯಾಪ್ ಮಾಡಂಗಿಲ್ಲ, +1/+1 ಮಾತ್ರ ಬಂದ ತಕ್ಷಣದಿಂದ ಇರುತ್ತೆ.

ಮ್ಯಾಜಿಕ್ಕಲ್ಲಿ ಎಫೆಕ್ಟ್ ವಿಷಯಕ್ಕೆ ಬಂದ್ರೆ ಹೆಸರು ಒಂದೇನಾ ಬೇರೇನಾ ಅಂತ ಯಾರೂ ನೋಡಲ್ಲ, ಪ್ರತಿ ಕಾಪಿ ಅದರ ಪಾಡಿಗೆ ಅದು ಕೆಲಸ ಮಾಡುತ್ತೆ. ಹೆಸರು ಅಡ್ಡ ಬರೋದು ಲೆಜೆಂಡರಿ ಕಾರ್ಡಿಗೆ, ಒಂದೇ ಹೆಸರಿಂದು ಎರಡು ನಿಮ್ಮತ್ರ ಇದ್ರೆ ಒಂದು ಇಟ್ಕೊಂಡು ಇನ್ನೊಂದು ಗ್ರೇವ್‌ಯಾರ್ಡಿಗೆ, ಅಂದ್ರೆ ಸತ್ತ ಕಾರ್ಡುಗಳ ರಾಶಿಗೆ. ಕಮಾಂಡರ್ ಅನ್ನೋ ಥರದ ಮ್ಯಾಜಿಕ್ ಆಡೋರಿಗೆ 100 ಕಾರ್ಡಲ್ಲಿ ಬೇಸಿಕ್ ಲ್ಯಾಂಡ್ ಬಿಟ್ರೆ ಎಲ್ಲಾ ಒಂದೊಂದೇ, ಅಲ್ಲಿ ಎರಡನೇ ಕಾಪಿ ಸಾಮಾನ್ಯವಾಗಿ ಬೇರೆ ಕಾರ್ಡನ್ನ ನಕಲು ಮಾಡೋ ಕ್ಲೋನ್ ಥರದ ಕಾರ್ಡಿಂದ ಬರುತ್ತೆ, ಲೆಕ್ಕ ಮಾತ್ರ ಇದೇ.

ಇನ್ನು ಲೈಫ್‌ಲಿಂಕ್. ಎರಡು ಸಲ ಇದ್ರೂ ಒಂದೇ. ಫ್ಲೈಯಿಂಗ್, ಟ್ರ್ಯಾಂಪಲ್, ಡೆತ್‌ಟಚ್, ವಿಜಿಲೆನ್ಸ್ ಎಲ್ಲಾ ಹಂಗೇ, ಹಾರ್ತಿರೋ ಹಕ್ಕಿಗೆ ಇನ್ನೊಂದು ಸಲ ಹಾರು ಅಂದಂಗೆ. ಈ ಗೊಂದಲಕ್ಕೆ ಕಾರಣಾನೂ ಇದೆ, 2009ರಲ್ಲಿ ಮ್ಯಾಜಿಕ್ 2010 ಜೊತೆ ರೂಲ್ಸ್ ಬದಲಾಗೋ ತನಕ ಲೈಫ್‌ಲಿಂಕ್ ಟ್ರಿಗರ್ (ಏನಾದ್ರೂ ಆದಾಗ ತಾನಾಗೇ ಶುರುವಾಗೋ ಎಫೆಕ್ಟ್) ಆಗಿತ್ತು, ಆಗ ಎರಡಿದ್ರೆ ನಿಜವಾಗ್ಲೂ ಎರಡು ಸಲ ಲೈಫ್ ಸಿಗ್ತಿತ್ತು. ಹಳಬರ ಬಾಯಲ್ಲಿ ಅದು ಇನ್ನೂ ಉಳ್ಕೊಂಡಿದೆ. ಆದ್ರೆ ಕೀವರ್ಡ್ (ಹಿಂಗೆ ಒಂದೇ ಪದದಲ್ಲಿ ಬರೆದ ಗುಣ) ಅಂದ ಮಾತ್ರಕ್ಕೆ ಎಲ್ಲಾ ಒಂದೇ ಸಲ ಅಂತ ತಿಳ್ಕೋಬೇಡಿ, ಪ್ರೌವೆಸ್ ಎರಡಿದ್ರೆ ಎರಡು ಸಲ ಟ್ರಿಗರ್ ಆಗುತ್ತೆ, ಎಕ್ಸಾಲ್ಟೆಡ್ಡೂ ಅಷ್ಟೆ. ಸೋಲ್ ವಾರ್ಡನ್ ಎರಡಿದ್ರೆ ಕ್ರೀಚರ್ ಬಂದಾಗೆಲ್ಲ ಒಂದೊಂದರಿಂದ ಒಂದೊಂದು, ಒಟ್ಟು 2 ಲೈಫ್. ಅಡ್ಡ ಹಾಕೋ ಕಾರ್ಡಲ್ಲೂ ಎರಡು ಥರ ಇದೆ. ಘೋಸ್ಟ್ಲಿ ಪ್ರಿಸನ್ ಎರಡಿದ್ರೆ ಎದುರಾಳಿ ಒಂದೊಂದು ಕ್ರೀಚರ್ ನಿಮ್ ಮೇಲೆ ಬಿಡೋಕೆ 2ರ ಬದಲು 4 ಮಾನಾ ಕಟ್ಬೇಕು, ಆದ್ರೆ ರೂಲ್ ಆಫ್ ಲಾ ಎರಡಿದ್ರೂ ಟರ್ನಿಗೆ ಒಂದೇ ಸ್ಪೆಲ್ ಅನ್ನೋದು ಒಂದೇ ಸ್ಪೆಲ್ಲಾಗೇ ಇರುತ್ತೆ, ಎರಡನೇದು ವೇಸ್ಟ್.

ಡಬ್ಲಿಂಗ್ ಸೀಸನ್ ನಾಲ್ಕು ಪಟ್ಟು. ನನಗೆ ತುಂಬಾ ಇಷ್ಟವಾದ ಜಾಗ ಇದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಇದು ರಿಪ್ಲೇಸ್‌ಮೆಂಟ್ ಎಫೆಕ್ಟ್, ಅಂದ್ರೆ ಟೋಕನ್ ಬಂದ್ಮೇಲೆ ಇನ್ನಷ್ಟು ಸೇರ್ಸೋದಲ್ಲ, ಬರೋಕೆ ಮುಂಚೇನೇ 'ಒಂದು ಬರ್ಬೇಕಿತ್ತು, ಎರಡು ಬರಲಿ' ಅಂತ ಆಗೋ ವಿಷಯಾನೇ ಬದಲಾಯಿಸಿಬಿಡುತ್ತೆ. ಆ ಎರಡನ್ನ ನೋಡಿ ಇನ್ನೊಂದು ಕಾಪಿ ನಾಲ್ಕು ಮಾಡುತ್ತೆ, ಮೂರನೇದಿದ್ರೆ ಎಂಟು. ಹಂಗಾದ್ರೆ ಆ ನಾಲ್ಕನ್ನ ನೋಡಿ ಮೊದಲನೇದು ಮತ್ತೆ ಎಂಟು ಮಾಡಲ್ವಾ, ಅದು ಹಂಗೇ ಮುಗೀದೇ ಸುತ್ತಲ್ವಾ ಅಂತ ಕೇಳ್ಬಹುದು. ಇಲ್ಲ, ರೂಲ್ 614.5 ಪ್ರಕಾರ ಒಂದು ರಿಪ್ಲೇಸ್‌ಮೆಂಟ್ ಎಫೆಕ್ಟಿಗೆ ಒಂದು ಘಟನೆ ಮೇಲೆ ಒಂದೇ ಅವಕಾಶ. ಎರಡು ಕಾಪಿ ಅಂದ್ರೆ ಎರಡು ಬೇರೆ ಬೇರೆ ಎಫೆಕ್ಟ್, ಅದಕ್ಕೆ ತಲಾ ಒಂದೊಂದು ಅವಕಾಶ, ಅಲ್ಲಿಗೆ ಮುಗೀತು.

ಇದರ ಜೊತೆ ಹಾರ್ಡನ್ಡ್ ಸ್ಕೇಲ್ಸ್ ಸೇರಿದ್ರೆ ಇನ್ನೂ ಮಜಾ. ಅದು ನಿಮ್ ಕ್ರೀಚರ್ ಮೇಲೆ ಬೀಳೋ +1/+1 ಕೌಂಟರಿಗೆ (ಬಲ ಹೆಚ್ಚಿಸೋ ಗುರುತಿಗೆ) ಒಂದು ಜಾಸ್ತಿ ಮಾಡುತ್ತೆ, ಸೀಸನ್ ಡಬಲ್ ಮಾಡುತ್ತೆ. ಒಂದು ಕೌಂಟರ್ ಬೀಳ್ಬೇಕಿದ್ದಾಗ ಮೊದಲು ಸ್ಕೇಲ್ಸ್ ಹಾಕಿದ್ರೆ 2, ಆಮೇಲೆ ಡಬಲ್ ಆಗಿ 4. ಮೊದಲು ಡಬಲ್ ಮಾಡಿ ಆಮೇಲೆ ಸ್ಕೇಲ್ಸ್ ಅಂದ್ರೆ 3 ಅಷ್ಟೆ. ಯಾವುದು ಮೊದಲು ಅಂತ ಆರಿಸೋದು ಕೌಂಟರ್ ಬೀಳ್ತಿರೋ ಕ್ರೀಚರ್ ಯಾರ ಕೈಲಿದೆಯೋ ಅವರು, ಅಂದ್ರೆ ನೀವೇ. ಯಾವಾಗ್ಲೂ ಕೂಡಿಸೋದು ಮೊದಲು, ಗುಣಿಸೋದು ಆಮೇಲೆ. ಸ್ಕೇಲ್ಸ್ ಎರಡು ಸೀಸನ್ ಒಂದು ಇದ್ರೆ ಒಂದು ಕೌಂಟರ್ ಹೋಗಿ ಆರು ಆಗುತ್ತೆ.

ಮಂಡ್ಯ_ಗಾಬ್ಲಿನ್:
ಮ್ಯಾಲೆ ಏಳಿದ್ದೆಲ್ಲಾ ಸರ್ಯಾಗದೆ ಗುರೂ, ನಾನು ವಸಿ ಎದುರಿಗ್ ಕುಂತಿರೋನ್ ಕಡೆಯಿಂದ ಏಳ್ತೀನಿ ಕೇಳು. ಎಲ್ಡು ಆರ್ಚ್‌ಡ್ರುಯಿಡ್ ಇದ್ರೆ ಬೋ ಗಟ್ಟಿ ಅನ್ಕಂಡು ಧೈರ್ಯವಾಗ್ ಕುಂತ್ಕಬ್ಯಾಡ. ನಾನು ಪೈರೋಕ್ಲಾಸಮ್ ಹಾಕ್ದೆ ಅನ್ಕೊ, ಎಲ್ಲಾ ಕ್ರೀಚರಿಗೂ 2 ಡ್ಯಾಮೇಜ್. ನಿನ್ ಐದೂ 3/3 ಆಗಿರದ್ರಿಂದ ಒಂದೂ ಸಾಯಕಿಲ್ಲ, ನೀನು ನಗ್ತಾ ಇರ್ತೀಯ. ಆದ್ರೆ ಆ ಡ್ಯಾಮೇಜು ಟರ್ನ್ ಮುಗಿಯಗಂಟ ಅವುಗಳ ಮ್ಯಾಲೆ ಅಂಗೇ ಕುಂತಿರ್ತದೆ. ಅದೇ ಟರ್ನಲ್ಲಿ ಒಂದು ಆರ್ಚ್‌ಡ್ರುಯಿಡ್‌ಗೆ ಲೈಟ್ನಿಂಗ್ ಬೋಲ್ಟ್ (3 ಡ್ಯಾಮೇಜ್) ವಡದ್ರೆ ಅದು ಸತ್ತೋಯ್ತದೆ, ಅದು ಕೊಡ್ತಿದ್ದ +1/+1 ಓಯ್ತದೆ, ಉಳಿದ ನಾಕೂ 2/2ಗೆ ಇಳೀತವೆ, ಮ್ಯಾಲೆ ಆಗ್ಲೇ 2 ಡ್ಯಾಮೇಜ್ ಕುಂತದಲ್ಲ, ಒಂದೇ ಏಟ್ಗೆ ನಾಕೂ ಸಾಫ್. ಎಲ್ಡು ಕಾರ್ಡಲ್ಲಿ ನಿನ್ ಟೇಬಲ್ ಖಾಲಿ. ಅದ್ಕೇ ಎಲ್ಫ್ ಡೆಕ್ಕಿನ ಮುಂದೆ ಯಾವತ್ತೂ ನಾನು ಬೋಲ್ಟನ್ನ ಕಡೀಕೆ ಮಡೀಕಂಡಿರ್ತೀನಿ, ಮೊದ್ಲು ಬೋಲ್ಟ್ ವಡದು ಖಾಲಿ ಮಾಡ್ಕಳೋರೇ ಜಾಸ್ತಿ.

ಜಯಲಕ್ಷ್ಮೀಪುರಂ_ಡ್ಯುಯಲ್:
ಯುಗಿಯೋ ಫ್ರೆಂಡ್ ಪರವಾಗಿ ಎರಡು ಮಾತು. ಅವರು ಹೇಳಿದ್ದು ಅಲ್ಲಿ ತುಂಬಾ ಕಾರ್ಡಿಗೆ ನಿಜ, ಆದ್ರೆ ಅದು ಆಟದ ರೂಲ್ ಅಲ್ಲ, ಆಯಾ ಕಾರ್ಡ್ ಮೇಲೆ ಬರೆದಿರೋದು. ಎದುರಾಳಿ ಎಫೆಕ್ಟ್ ತಡೆಯೋ ಆ್ಯಶ್ ಬ್ಲಾಸಮ್ ಮೂರೂ ಕೈಲಿದ್ರೂ ಆ ಎಫೆಕ್ಟ್ ಟರ್ನಿಗೆ ಒಂದೇ ಸಲ ಅಂತ ಕಾರ್ಡ್ ಹೆಸರು ಹಿಡಿದೇ ಬರೆದಿದೆ. ಬರೀ 'ಟರ್ನಿಗೆ ಒಂದು ಸಲ' ಅಂತಷ್ಟೇ ಇದ್ರೆ ಫೀಲ್ಡಲ್ಲಿರೋ ಪ್ರತಿ ಕಾಪಿಗೂ ಒಂದೊಂದು ಸಲ ಸಿಗುತ್ತೆ. ಇನ್ನೂ ಸೂಕ್ಷ್ಮ ಒಂದಿದೆ, ಪಾಟ್ ಆಫ್ ಡಿಸೈರ್ಸ್ ಅನ್ನೋ ಕಾರ್ಡ್ ಟರ್ನಿಗೆ ಒಂದೇ ಆ್ಯಕ್ಟಿವೇಟ್ ಮಾಡ್ಬಹುದು ಅಂತಿದೆ. ಅದನ್ನ ಸಾಲೆಮ್ ಜಡ್ಜ್‌ಮೆಂಟ್ ತಡೆದ್ರೆ ಆ್ಯಕ್ಟಿವೇಶನ್ನೇ ರದ್ದು, ಎರಡನೇ ಪಾಟ್ ಹಾಕ್ಬಹುದು. ಆ್ಯಶ್ ತಡೆದ್ರೆ ಎಫೆಕ್ಟ್ ಮಾತ್ರ ರದ್ದು, ಆ ಟರ್ನಲ್ಲಿ ಇನ್ನೊಂದು ಪಾಟ್ ಇಲ್ಲ.

ಸುಮ್ನೆ ಫೀಲ್ಡಲ್ಲಿದ್ದು ಬಲ ಕೊಡೋ ಕಾರ್ಡುಗಳು ಯುಗಿಯೋದಲ್ಲೂ ಕೂಡ್ತವೆ, ನಿಮ್ ಆರ್ಚ್‌ಡ್ರುಯಿಡ್ ಥರಾನೇ. ಕಮಾಂಡ್ ನೈಟ್ ನಿಮ್ ವಾರಿಯರ್‌ಗಳಿಗೆಲ್ಲ 400 ಅಟ್ಯಾಕ್ ಕೊಡುತ್ತೆ, ತನಗೂ ಸೇರಿಸಿ. ಎರಡಿದ್ರೆ 1200 ಇರೋದು 2000. ಜೊತೆಗೆ ನಮ್ಮತ್ರ ಬೇರೆ ಮಾನ್ಸ್ಟರ್ ಇರೋ ತನಕ ಕಮಾಂಡ್ ನೈಟ್ ಮೇಲೆ ಅಟ್ಯಾಕ್ ಮಾಡಂಗಿಲ್ಲ, ಎರಡೇ ನಿಂತಿದ್ರೆ ಇದನ್ನ ಅದು ಕಾಯುತ್ತೆ ಅದನ್ನ ಇದು ಕಾಯುತ್ತೆ, ಎದುರಾಳಿಗೆ ಅಟ್ಯಾಕ್ ಮಾಡೋಕೆ ಜಾಗಾನೇ ಇಲ್ಲ. ನಿಮ್ ಫ್ರೆಂಡಿಗೆ ಈ ಕಾರ್ಡ್ ತೋರಿಸಿ, ತಕ್ಷಣ ಒಪ್ಕೋತಾರೆ.

ಎಲ್ಫ್_ಕುವೆಂಪುನಗರ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಪೂರ್ತಿ ಓದಿ ಗ್ರೂಪಿಗೂ ಹಾಕ್ದೆ. ಮಂಡ್ಯದ ಗುರುಗಳು ಹೇಳಿದ ಬೋಲ್ಟ್ ವಿಷಯ ನೋಡಿ ಎದೆ ಧಸಕ್ ಅಂತು. ಕೊನೇದಾಗಿ ಒಂದೇ ಒಂದು, ಪ್ಯಾನ್‌ಹಾರ್ಮೊನಿಕಾನ್ ಎರಡಿದ್ರೆ ಅದೂ ನಾಲ್ಕೇನಾ?

ಒಂಟಿಕೊಪ್ಪಲ್_ಮಾನಾ:
ಅಲ್ಲ, ಮೂರು. ಅದು ಡಬಲ್ ಮಾಡೋದಲ್ಲ, ಟ್ರಿಗರ್ ಇನ್ನೊಂದು ಸಲ ಆಗಲಿ ಅಂತ ಅಷ್ಟೇ ಹೇಳೋದು. ಮೂಲದ್ದು ಒಂದು, ಪ್ರತಿ ಕಾಪಿಯಿಂದ ಒಂದೊಂದು. ಬಂದಾಗ ಒಂದು ಕಾರ್ಡ್ ಕೊಡೋ ಎಲ್ವಿಶ್ ವಿಷನರಿ ಇಳಿಸಿದ್ರೆ ಮೂರು ಕಾರ್ಡ್ ಎಳೀಬಹುದು. ಮೂರೂ ಬೇರೆ ಬೇರೆ ಟ್ರಿಗರ್ ಆಗಿ ಸ್ಟ್ಯಾಕಿಗೆ (ಎಫೆಕ್ಟ್‌ಗಳು ಕಾಯೋ ಸಾಲಿಗೆ) ಹೋಗೋದ್ರಿಂದ ಒಂದು ಆರ್ಟಿಫ್ಯಾಕ್ಟೋ ಎನ್ಚಾಂಟ್‌ಮೆಂಟೋ ನಾಶ ಮಾಡೋ ರೆಕ್ಲಮೇಶನ್ ಸೇಜ್ ಇಳಿಸಿದಾಗ ಮೂರು ಬೇರೆ ಬೇರೆ ಟಾರ್ಗೆಟ್ ಇಡ್ಬಹುದು. ಎದುರುಗಡೆ ಅಷ್ಟು ಆರ್ಟಿಫ್ಯಾಕ್ಟ್, ಎನ್ಚಾಂಟ್‌ಮೆಂಟ್ ಇಲ್ದಿದ್ರೂ ತೊಂದ್ರೆ ಇಲ್ಲ, ನಾಶ ಮಾಡೋದು ನಿಮ್ಮಿಷ್ಟ ಅಂತ ಕಾರ್ಡಲ್ಲೇ ಇದೆ, ನಿಮ್ ಪ್ಯಾನ್‌ಹಾರ್ಮೊನಿಕಾನನ್ನೇ ನೀವು ಒಡೀಬೇಕಾಗಿಲ್ಲ.